‘ಬರ್ತೀನಿ’ ಅಂದವರು ಯಾರು

ನಮ್ಮೂರಲ್ಲಿ ಯಾರ ಮನೆಯಿಂದ ಹೊರಡುವಾಗಲೂ ‘ಬರ್ತೀನಿ’ ಅನ್ನುವುದಿಲ್ಲ. ಅಂದರೆ ಮರುದಿನ ಬರಬೇಕಾಗುತ್ತದೆ. ಇಷ್ಟವಿರಲಿ ಇಲ್ಲದಿರಲಿ, ಕಾಲು ಕರೆತಂದು ಅದೇ ಹೊಸ್ತಿಲ ಮುಂದೆ ನಿಲ್ಲಿಸುತ್ತದೆ. ಹಾಗಾಗಿ ನಮ್ಮವರು ‘ಸರಿ ಹಾಗಾದ್ರೆ’ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಮದುವೆಯಾಗಿ ಗಂಡನ ಮನೆಗೆ ಹೊರಟ ಹುಡುಗಿಯ ಬಾಯಿಗೆ ತಾಯಿಯೇ ಒಂದು ಹಿಡಿ ಸಕ್ಕರೆ ತುಂಬುತ್ತಾಳೆ. ಅಳುವಿನ ನಡುವೆ ಆ ಮಾತು ಜಾರಿದರೆ ಮರುದಿನ ಬೀಗರಿಗೆ ಏನು ಹೇಳುವುದು? ಒಮ್ಮೆ ಹೊರಗಿನಿಂದ ಬಂದ ಇನ್ಶೂರೆನ್ಸ್ ಏಜೆಂಟೊಬ್ಬರು ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಕೈಮುಗಿದು ‘ಬರ್ತೀನಿ’ ಎಂದುಬಿಟ್ಟರು. ಮರುದಿನ ಬೀದಿಯುದ್ದಕ್ಕೂ ಬಂದರು. ಬಂದವರು ಮರ್ಯಾದೆಯ ಮನುಷ್ಯರಾದ್ದರಿಂದ ಹೊರಡುವಾಗ ಮತ್ತೆ ಅದನ್ನೇ ಅಂದರು. ಅವರ ಬೂಟು ಸವೆದುಹೋಗುವುದನ್ನು ನೋಡಲಾರದೆ ಎಲ್ಲರೂ ಸೇರಿ, ಹೊರಡುವ ಹೊತ್ತಿಗೆ ಸರಿಯಾಗಿ ಅವರ ಬಾಯಿಗೆ ಒಂದೊಂದು ಹೋಳಿಗೆ ತುರುಕಿ ಬಿಡುಗಡೆ ಮಾಡಿದರು. ಸಾವು ಕೂಡ ಇದಕ್ಕೆ ಅಡ್ಡಿಯಲ್ಲ. ಅಡುಗೆಯ ಶೇಷಣ್ಣ ಒಬ್ಬರ ಮನೆಯಲ್ಲಿ ಆ ಮಾತು ಅಂದ ದಿನವೇ ತೀರಿಕೊಂಡಾಗ, ಮರುದಿನ ಹೆಣ ಹೊತ್ತವರ ಕಾಲು ತಾವಾಗಿಯೇ ತಿರುಗಿ ಆ ಮನೆಯ ಬಾಗಿಲಿಗೆ ಹೋದವು. ಹೊತ್ತವರಿಗೆ ಕಾಫಿ ಕೊಟ್ಟು ಕಳಿಸಿದರು.

ಇದನ್ನೆಲ್ಲ ಹೇಳಿದ್ದು ನನ್ನ ಅಕ್ಕನ ವಿಷಯ ಹೇಳುವುದಕ್ಕೆ.

ನಾನು ಅಕ್ಕನ ಮನೆಯಲ್ಲಿಯೇ ಇರುವವಳು. ಹೆಸರು ಇಂದುಮತಿ. ಕಾಲೇಜು ಓದಿದ್ದೇನೆ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿಗೆ ಕರಡು ತಿದ್ದಿಕೊಡುತ್ತೇನೆ, ಮನೆಯಲ್ಲೇ ಕೂತು. ಊರಿನವರು ನನ್ನನ್ನು ‘ಅವಳು ಒಂಥರಾ’ ಅನ್ನುತ್ತಾರೆ. ಯಾವ ಥರ ಎಂದು ಇದುವರೆಗೆ ಯಾರೂ ಮುಂದುವರಿಸಿಲ್ಲ. ಮಿಕ್ಸಿಯ ಶಬ್ದಕ್ಕೆ ನಾನು ಹಿತ್ತಲಿಗೆ ಓಡುತ್ತೇನೆ. ಹೊಸ ಬಟ್ಟೆ ಮೈಗೆ ತಾಗಿದರೆ ಅಂದಿನ ದಿನ ಕೆಟ್ಟಂತೆಯೇ. ‘ಊಟ ಆಯ್ತಾ’ ಎಂದು ಯಾರಾದರೂ ಕೇಳಿದರೆ ಏನೇನು ಉಂಡೆ ಎಂದು ಹೇಳತೊಡಗುತ್ತೇನೆ, ಅವರು ಆಗಲೇ ಮುಂದೆ ಹೋಗಿರುತ್ತಾರೆ. ಮುಖ ನೋಡಿ ಮನಸ್ಸು ತಿಳಿಯುವುದು ನನಗೆ ಆಗದು. ಆದರೆ ಮಾತು ಹಾಗಲ್ಲ. ಯಾರು ಏನಂದರು ಎನ್ನುವುದು ಅಕ್ಷರ ಅಕ್ಷರವೂ ಒಳಗೆ ಉಳಿದುಬಿಡುತ್ತದೆ, ಬೇಡವೆಂದರೂ. ಮುಖಗಳನ್ನು ನನಗೆ ಅಕ್ಕ ಓದಿ ಹೇಳುತ್ತಾಳೆ. “ಇಂದೂ, ಅವರು ನಗ್ತಾ ಇಲ್ಲ, ಸಿಟ್ಟಾಗಿದಾರೆ, ಒಳಗೆ ಬಾ” ಎಂದು ಸೆರಗು ಎಳೆಯುತ್ತಾಳೆ. ಅಕ್ಕನಿಲ್ಲದೆ ನಾನು ಹಾಲಿನವನ ಹತ್ತಿರವೂ ಮಾತಾಡಲಾರೆ.

ಅಕ್ಕನ ಹೆಸರು ಪ್ರಭಾವತಿ. ಭಾವ ತ್ರಿವಿಕ್ರಮ, ಹೊಲಿಗೆ ಯಂತ್ರ ಮಾರುವ ಏಜೆಂಟು. ತಿಂಗಳಲ್ಲಿ ಅರ್ಧದಷ್ಟು ದಿನ ಊರೂರು ಸುತ್ತುವವರು. ಒಂದು ದಿನ ಬೆಳಿಗ್ಗೆ ಎಂದಿನಂತೆ ಹೊರಟರು. ಟ್ರಂಕು ಮಾತ್ರ ದೊಡ್ಡದಿತ್ತು. ಬಾಗಿಲಲ್ಲಿ “ಸರಿ ಹಾಗಾದ್ರೆ” ಅಂದರು. ನಾನು ಕಿಟಕಿಯ ಹತ್ತಿರ ಕರಡು ಹಿಡಿದು ಕೂತಿದ್ದೆ.

ಮಧ್ಯಾಹ್ನ ಹಾಲಪ್ಪನವರು ಬಂದರು. ಅವರು ಮದುವೆಯ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುತ್ತಾರೆ. ಒಂಟಿ ಮನುಷ್ಯ. ಊದುವುದನ್ನು ಬಿಟ್ಟರೆ ಬಾಯಿ ತೆರೆಯುವುದು ಕಮ್ಮಿ. ನಮ್ಮ ಮನೆಗೆ ಅವರು ಬಂದದ್ದು ಅದೇ ಮೊದಲು. ಹೊಸ್ತಿಲ ಹೊರಗೆ ನಿಂತು ಹೇಳಿದರು:

“ಅಮ್ಮೋರೇ, ನಿಮ್ಮ ಯಜಮಾನ್ರು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರು. ‘ಬರ್ತೀನಿ’ ಅಂತ ಮನೇಲಿ ಹೇಳ್ಬಿಡಿ ಅಂದ್ರು.”

ಅಕ್ಕ ಕೈಯಲ್ಲಿದ್ದ ಮೊರವನ್ನು ನೆಲಕ್ಕಿಟ್ಟಳು. “ಆ ಮಾತೇ ಅಂದ್ರಾ?”

“ನನ್ನಾಣೆ, ಆ ಮಾತೇ.”

ನಮ್ಮೂರಲ್ಲಿ ಗಂಡಂದಿರು ಹೆಂಡತಿಗೆ ಆ ಮಾತು ಹೇಳುವುದಿಲ್ಲ. ಕಾಲು ಕಟ್ಟಿಕೊಂಡಂತೆ ಎಂದು ಹೆದರುತ್ತಾರೆ. ಮದುವೆಯಾದಂದಿನಿಂದ ಭಾವ ಒಮ್ಮೆಯೂ ಹೇಳಿರಲಿಲ್ಲ. ಅಕ್ಕ ಆ ಸಂಜೆಯೆಲ್ಲ ಹಾಡಿಕೊಳ್ಳುತ್ತ ಓಡಾಡಿದಳು. ಎದುರುಮನೆಯ ಗೌರಕ್ಕನಿಗೂ ‘ಆ ಮಾತು ಅಂದ್ರಂತೆ’ ಎಂದು ಹೇಳಿ ಬಂದಳು. ಮರುದಿನ ಶ್ಯಾವಿಗೆ ಪಾಯಸ ಮಾಡಿ, ಮಲ್ಲಿಗೆ ಮುಡಿದು, ಬಾಗಿಲು ತೆರೆದಿಟ್ಟು ಕೂತಳು.

ಬಂದದ್ದು ಹಾಲಪ್ಪನವರು. ಕೈಯಲ್ಲಿ ಖಾಲಿ ಎಣ್ಣೆ ಬಾಟಲಿ.

“ಅಂಗಡಿಗೆ ಅಂತ ಹೊರಟಿದ್ದೆ ಅಮ್ಮೋರೇ. ಇಲ್ಲಿಗ್ಯಾಕೆ ಬಂದೆ ಅಂತ ನಂಗೇ ಗೊತ್ತಾಗ್ತಿಲ್ಲ.”

“ಅವರೆಲ್ಲಿ?” ಅಂದಳು ಅಕ್ಕ. “ನಿನ್ನೆ ಅವರು ಏನಂದ್ರು, ಸರಿಯಾಗಿ ಹೇಳಿ.”

ಹಾಲಪ್ಪನವರು ಅದೇ ಜಾಗದಲ್ಲಿ ನಿಂತು ಮತ್ತೆ ಸರಿಯಾಗಿ ಹೇಳಿದರು.

ಭಾವ ಅಂದೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಹಾಲಪ್ಪನವರು ಎರಡೂ ದಿನ ಬಂದರು. ಈ ಕಥೆ ಓದುವವರಿಗೆ ಕಾರಣ ಈಗಲೇ ಹೊಳೆದಿರಬಹುದು. ನಮ್ಮೂರಿಗೆ ಹೊಳೆಯಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಹೇಳಿದರೂ ಅದು ಮೊದಲಿನವರದೇ ಎನ್ನುವುದು ನಮ್ಮವರ ಗಟ್ಟಿ ನಂಬಿಕೆ. ಹಾಗಿಲ್ಲದಿದ್ದರೆ ಊರಲ್ಲಿ ಯಾರೂ ಚಾಡಿ ಹೇಳುವ ಹಾಗೇ ಇರುತ್ತಿರಲಿಲ್ಲ. ‘ಬರ್ತೀನಿ’ ಅಂದ ತ್ರಿವಿಕ್ರಮ ಬಂದಿಲ್ಲ. ಸತ್ತ ಶೇಷಣ್ಣನೇ ಬಂದ ಊರಿದು. ಹಾಗಾದರೆ ತ್ರಿವಿಕ್ರಮನ ಕಾಲು ಅಲುಗಾಡದ ಹಾಗೆ ಯಾರೋ ಮಾಡಿದ್ದಾರೆ. ಅಂದರೆ ಹೂತಿದ್ದಾರೆ.

ಪೊಲೀಸ್ ದಫೇದಾರ್ ಚಿಕ್ಕವೀರಯ್ಯನವರು ಗುದ್ದಲಿಯವರನ್ನು ಕರೆದುಕೊಂಡು ಬಂದರು. ನಮ್ಮ ಹಿತ್ತಲನ್ನು ಅಗೆಸಿದರು. ಒಂದು ಸೌಟು, ಗೌರಕ್ಕ ಎಂದೋ ಕಳೆದುಕೊಂಡಿದ್ದ ಹಿತ್ತಾಳೆಯ ಚೊಂಬು ಸಿಕ್ಕವು. ಗೌರಕ್ಕ ಚೊಂಬನ್ನು ಎದೆಗವಚಿಕೊಂಡು ಅಕ್ಕನನ್ನು ನೋಡಿದ ನೋಟ ಯಾವ ಬಗೆಯದು ಎಂದು ನನಗೆ ತಿಳಿಯಲಿಲ್ಲ. ಅಕ್ಕನನ್ನು ಕೇಳಿದೆ. “ಕಳ್ಳಿ ಅಂತ,” ಅಂದಳು ಅಕ್ಕ, “ಕೊಲೆ ಮಾಡಿದ್ದು ಆಮೇಲೆ.” ಅವಳಿಗೆ ನಿಜವಾಗಿ ಸಿಟ್ಟು ಬಂದದ್ದು ಕರಿಬೇವಿನ ಗಿಡದ ಬೇರು ಕಡಿದದ್ದಕ್ಕೆ.

ಹಾಲಪ್ಪನವರು ಆ ಹೊತ್ತಿಗೆ ಸರಿಯಾಗಿ ಬಂದು ನಿಂತರು. ದಫೇದಾರರು ಮೀಸೆ ಒತ್ತಿಕೊಂಡರು.

“ಏನಯ್ಯಾ ಹಾಲಪ್ಪ, ದಿನಾ ಬರ್ತೀಯಂತೆ ಇಲ್ಲಿಗೆ?”

“ಬರ್ಬೇಕು ಅಂತ ಬರೋದಲ್ಲ ಸ್ವಾಮಿ.”

“ಕೊಲೆ ಮಾಡಿದೋನು ಆ ಜಾಗಕ್ಕೆ ತಿರುಗಿ ಬರೋದನ್ನ ನಾನು ಸಿನಿಮಾದಲ್ಲಿ ನೋಡಿದೀನಿ. ಅವನು ಏನಂದ ಅಂತ ಹೇಳು.”

“ಅದೇ ಸ್ವಾಮಿ, ಆ ಮಾತು.”

“ಆ ಮಾತು ಈ ಮಾತು ಅಂತ ಸಾಕ್ಷಿ ಹೇಳೋ ಹಾಗಿಲ್ಲ. ಎಲ್ಲಿ ನಿಂತು ಹೇಳಿದ್ಯೋ ಅಲ್ಲೇ ನಿಂತ್ಕೊಂಡು, ಹೇಗೆ ಹೇಳಿದ್ಯೋ ಹಾಗೇ ಹೇಳು.”

ಹಾಲಪ್ಪನವರು ಹೊಸ್ತಿಲಿಗೆ ಹೋಗಿ ನಿಂತು ಹಾಗೇ ಹೇಳಿದರು. ಅಂದಿನಿಂದ ಇದೊಂದು ಕ್ರಮವಾಯಿತು. ಅವರು ಬರುವುದು, ದಫೇದಾರರು ಯಾಕೆ ಬಂದೆ ಎಂದು ಕೇಳುವುದು, ಅವರು ಮಾತನ್ನು ಒಪ್ಪಿಸುವುದು. ಅಕ್ಕ ಎಲ್ಲರಿಗೂ ಕಾಫಿ ಕೊಡುವುದು. ಹಾಲಪ್ಪನವರು ಮಾತ್ರ ಕುಡಿದ ಲೋಟವನ್ನು ತಾವೇ ತೊಳೆದು ಕವುಚಿ ಇಡುತ್ತಿದ್ದರು.

ಮದುವೆಯ ದಿಬ್ಬಣವೂ ಒಮ್ಮೆ ನಮ್ಮ ಮನೆಗೆ ಬಂತು. ಹಾಲಪ್ಪನವರು ಎಲ್ಲರ ಮುಂದೆ ಊದಿಕೊಂಡು ಹೋಗುತ್ತಿದ್ದಾಗ ಅವರ ಕಾಲು ಛತ್ರದ ದಾರಿ ಬಿಟ್ಟು ನಮ್ಮ ಬೀದಿಗೆ ತಿರುಗಿತು. ಕ್ಲಾರಿಯೊನೆಟ್ ತಿರುಗಿದ ಕಡೆ ಡೋಲು ತಿರುಗುತ್ತದೆ. ಡೋಲಿನ ಹಿಂದೆ ಜೀಪು, ಜೀಪಿನಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗ, ಅವನ ಹಿಂದೆ ಬೆಳ್ಳಿ ಹರಿವಾಣ ಹಿಡಿದ ಹೆಂಗಸರು. ನಾನು ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿದೆ. ಹೊರಗೆ ಮದುಮಗನ ತಾಯಿ ಅಕ್ಕನ ಹತ್ತಿರ ಕೂಗುತ್ತಿದ್ದರು: “ಇದು ಹೆಣ್ಣಿನ ಕಡೆಯವರ ಮನೆ ಅಲ್ವೇನ್ರೀ? ಮತ್ತೆ ಪಾಯಸದ ವಾಸನೆ ಯಾಕೆ ಬರ್ತಿದೆ?” ಅಕ್ಕ ದಿನವೂ ಪಾಯಸ ಮಾಡುವುದನ್ನು ಇನ್ನೂ ಬಿಟ್ಟಿರಲಿಲ್ಲ. ಆರತಿಯನ್ನೂ ಎತ್ತಿ ಕಳಿಸಿದಳು.

ಅಕ್ಕನನ್ನು ಊರು ಕಾಣುವ ರೀತಿ ಬದಲಾಯಿತು. ತರಕಾರಿಯವಳು ಬದನೆಕಾಯಿಯಲ್ಲಿ ಹುಳುಕು ಹಾಕುವುದನ್ನು ಬಿಟ್ಟಳು. ನೀರಿನ ಟ್ಯಾಂಕರ್ ಬಂದಾಗ ನಮ್ಮ ಕೊಡಗಳಿಗೆ ದಾರಿ ಬಿಟ್ಟರು. ಗೌರಕ್ಕನ ಗಂಡ ಹೆಂಡತಿಯ ಮೇಲೆ ದನಿಯೇರಿಸುವ ಮೊದಲು ನಮ್ಮ ಮನೆಯ ಕಡೆ ಒಮ್ಮೆ ನೋಡಿಕೊಳ್ಳುತ್ತಾರೆಂದು ಗೌರಕ್ಕನೇ ಬಂದು ಹೇಳಿದಳು. ಹೇಳಿ, ಒಂದು ಬಟ್ಟಲು ಉಪ್ಪಿನಕಾಯಿ ಕೊಟ್ಟು ಹೋದಳು.

ಆದರೆ ದಫೇದಾರರು ಸೋಮವಾರಕ್ಕೆ ಜೀಪು ಗೊತ್ತುಮಾಡಿದರು. ಅಕ್ಕನನ್ನೂ ಹಾಲಪ್ಪನವರನ್ನೂ ಜಿಲ್ಲೆಯ ಕೋರ್ಟಿಗೆ ಒಯ್ಯುವುದು, ಅಲ್ಲಿಂದ ಜೈಲಿಗೆ. ಅಕ್ಕ ಹೋದರೆ ಬಾಗಿಲಿಗೆ ಬಂದವರು ನಗುತ್ತಿದ್ದಾರೋ ಗದರುತ್ತಿದ್ದಾರೋ ಎಂದು ನನಗೆ ಹೇಳುವವರಿಲ್ಲ. ಹೆದರಿಕೆಯಾದಾಗ ನಾನು ಕೇಳಿದ ಮಾತುಗಳನ್ನೆಲ್ಲ ಮತ್ತೆ ಮೊದಲಿನಿಂದ ಬಾಯಲ್ಲೇ ಹೇಳಿಕೊಳ್ಳುತ್ತೇನೆ. ಹಾಗೆ ಹೇಳಿಕೊಳ್ಳುತ್ತಿದ್ದಾಗ ಒಂದು ಕಡೆ ತಡೆಯಿತು.

ದಫೇದಾರರಿಗೆ ಜ್ವರ ಬಂದು ಅವರು ಬಾರದ ದಿನವೊಂದಿತ್ತು. ಅಂದು ಹಾಲಪ್ಪನವರು ಬಂದಾಗ ಅಕ್ಕ ಸ್ನಾನಕ್ಕೆ ಹೋಗಿದ್ದಳು. ನಾನು ಬಾಗಿಲ ಸಂದಿಯಿಂದ ನೋಡಿದೆ, ಮಾತಾಡಲಿಲ್ಲ. ಅವರೂ ಮಾತಾಡದೆ ನಿಂತು ಹೋದರು. ಅದರ ಮರುದಿನ ಅವರು ಬರಲಿಲ್ಲ. ಮೂರನೆಯ ದಿನ ದಫೇದಾರರೇ ಹುಷಾರಾಗಿ ಅವರನ್ನು ಎಳೆತಂದರು, ನಿನ್ನೆ ಯಾಕೆ ಬರಲಿಲ್ಲ, ತಪ್ಪಿಸಿಕೊಳ್ಳುವ ಯೋಚನೆಯೋ ಎಂದು. ಮತ್ತೆ ಹೊಸ್ತಿಲಲ್ಲಿ ನಿಲ್ಲಿಸಿ ಹೇಳಿಸಿದರು. ಮತ್ತೆ ದಿನವೂ ಬರತೊಡಗಿದರು.

ಅಂದರೆ ಹೊಸ್ತಿಲಿಗೆ ಯಾರ ಮಾತು ಎಂದು ತಿಳಿಯದು. ಯಾರ ಬಾಯಿ ಎನ್ನುವುದಷ್ಟೇ ತಿಳಿಯುವುದು. ‘ಬರ್ತೀನಿ ಅಂತ ಅಂದ್ರು’ ಎಂದರೆ ಅದರಲ್ಲಿ ಒಂದು ‘ಬರ್ತೀನಿ’ ಇದ್ದೇ ಇದೆ. ಹಿಂದೆ ಮುಂದೆ ಉದ್ಧರಣ ಚಿಹ್ನೆ ಹಾಕುವುದು ಕರಡು ತಿದ್ದುವವಳ ಕೆಲಸ. ಬಾಯಿ ಅದನ್ನು ಹಾಕುವುದಿಲ್ಲ.

ನಾನು ಅಡುಗೆಮನೆಗೆ ಓಡಿದೆ. ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

“ಗೊತ್ತು,” ಅಂದಳು.

“ಏನು ಗೊತ್ತು?”

“ನಿನ್ ಭಾವ ಆ ಮಾತು ನನ್ನ ಹತ್ರ ಹೇಳಿಲ್ಲ ಅನ್ನೋದು. ಈ ಊರಲ್ಲೇ ಹುಟ್ಟಿ ಬೆಳೆದೋರು ಇಂದೂ. ತಮ್ಮ ಬಾಯಲ್ಲಿ ಹೇಳಿದ್ರೆ ಬರ್ಬೇಕಾಗತ್ತೆ. ಇನ್ನೊಬ್ರ ಬಾಯಲ್ಲಿ ಹೇಳಿಸಿದ್ರೆ ಬೇಕಾಗಿಲ್ಲ. ಪಾಯಸ ಮಾಡ್ತಾ ಮಾಡ್ತಾ ಒಂದಿನ ಹೊಳೀತು.”

“ಮತ್ತೆ ದಫೇದಾರ್ರಿಗೆ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಗಂಡ ಬೇಕಂತ್ಲೇ ಬಿಟ್ಟು ಹೋದ ಅಂತ್ಲಾ? ಕೊಂದೋಳು ಅಂದ್ರೆ ಜನ ಹೆದರ್ತಾರೆ, ದಾರಿ ಬಿಡ್ತಾರೆ. ಗಂಡ ಬಿಟ್ಟೋಳು ಅಂದ್ರೆ ‘ಅಯ್ಯೋ’ ಅಂತಾರೆ. ಆ ‘ಅಯ್ಯೋ’ ಕೇಳೋಕೆ ನನ್ ಕೈಲಾಗಲ್ಲ.”

“ಜೈಲಿಗೆ ಹಾಕ್ತಾರೆ ಅಕ್ಕ.”

“ಜೈಲಲ್ಲೂ ಹೆದರ್ತಾರೆ. ಒಳ್ಳೇ ಜಾಗ ಬಿಟ್ಕೊಡ್ತಾರೆ.”

“ನಾನು?”

ಅವಳು ಇನ್ನೊಂದು ಹುರುಳಿಕಾಯಿ ಎತ್ತಿಕೊಂಡಳು. ನಾನು ಮುಖ ನೋಡಿದೆ. ಅದರಲ್ಲಿ ಏನಿದೆ ಎಂದು ಅವಳನ್ನೇ ಕೇಳುವ ಹಾಗಿರಲಿಲ್ಲ. “ಹಾಲಪ್ಪನವರಿಗೂ ಒಳ್ಳೇ ಜಾಗ ಕೊಡ್ತಾರಾ?” ಎಂದು ಕೇಳಿದೆ. ನನಗೆ ಅದು ನಿಜವಾಗಿ ಗೊತ್ತಿರಲಿಲ್ಲ.

ಅಕ್ಕನ ಕೈ ನಿಂತಿತು. ಹುರುಳಿಕಾಯಿಯನ್ನು ಪಾತ್ರೆಗೆ ಹಾಕಿದಳು, ಮತ್ತೆ ತೆಗೆದಳು.

“ಲೋಟ ತೊಳೆದಿಡ್ತಾರೆ ಆ ಮನುಷ್ಯ,” ಅಂದಳು. ಆಮೇಲೆ, “ಹೇಳು. ಸೋಮವಾರ ಎಲ್ರ ಮುಂದೇನೇ ಹೇಳು. ನಾನು ಒಳಗಿರ್ತೀನಿ. ನನ್ನನ್ನ ಕರೀಬೇಡ.”

ಸೋಮವಾರ ಜೀಪು ಬಂತು. ಅದರ ಹಿಂದೆ ಅರ್ಧ ಊರು ಬಂತು. ನಾನು ಒಗೆದು ಒಗೆದು ಮೆತ್ತಗಾದ ಹಳೆಯ ಸೀರೆಯುಟ್ಟು ಬಾಗಿಲಿಗೆ ಬಂದೆ. ಅಷ್ಟು ಜನರ ಮುಂದೆ ನಾನು ಹಿಂದೆಂದೂ ನಿಂತವಳಲ್ಲ. ಮುಖಗಳನ್ನು ನೋಡದೆ ದಫೇದಾರರ ಅಂಗಿಯ ಗುಂಡಿಯನ್ನೇ ನೋಡಿಕೊಂಡು ಮಾತಾಡಿದೆ.

“ದಫೇದಾರ್ರೇ, ಹಾಲಪ್ಪನವರು ದಿನಾ ಬರೋದು ಅವರು ಆ ಮಾತನ್ನ ಇಲ್ಲಿ ನಿಂತು ಹೇಳೋದ್ರಿಂದ. ನೀವು ಹೇಳಿದ್ರೆ ನಾಳೆ ನೀವೂ ಬರ್ತೀರಿ.”

“ನಾನ್ಯಾಕಮ್ಮ ಬರ್ಲಿ? ಮಾತು ತ್ರಿವಿಕ್ರಮಂದು.”

“ಹೇಳಿ ನೋಡಿ.”

“ಈ ಹುಡುಗಿ ಒಂಥರಾ ಕಣ್ರೀ,” ಎಂದು ಅವರು ಜನರಿಗೆ ಹೇಳಿದರು. ಗೌರಕ್ಕ ಹಿಂದಿನಿಂದ, “ಹೇಳಿ ದಫೇದಾರ್ರೇ, ಅಷ್ಟಕ್ಕೆಲ್ಲ ಹೆದರ್ಕೊಂಡ್ರೆ ಹೇಗೆ?” ಅಂದಳು. ಜನ ನಕ್ಕರು. ಅದು ನಗುವೇ ಎಂದು ನನಗೂ ಗೊತ್ತಾಯಿತು. ದಫೇದಾರರು ಟೋಪಿ ಸರಿಮಾಡಿಕೊಂಡು ಹೊಸ್ತಿಲಿಗೆ ಬಂದು ನಿಂತರು.

“‘ಬರ್ತೀನಿ’ ಅಂತ ತ್ರಿವಿಕ್ರಮ ಅಂದ ಅಂತ ಹಾಲಪ್ಪ ಅಂದ. ಸಾಕಾ? ನಾಳೆ ನಾನು ಬರ್ಲಿಲ್ಲ ಅಂದ್ರೆ ನಾಡಿದ್ದು ಮೂರು ಜನಾನೂ ಜೀಪು ಹತ್ತೋದು, ನಿನ್ನನ್ನೂ ಸೇರಿಸಿ.”

ಅಂದು ಹಾಲಪ್ಪನವರಿಗೆ ಯಾರೂ ಏನೂ ಹೇಳಬಾರದು, ಏನೂ ಕೇಳಬಾರದು ಎಂದು ನಾನು ಎಲ್ಲರಿಗೂ ಕೈಮುಗಿದು ಬೇಡಿಕೊಂಡೆ.

ಮರುದಿನ ದಫೇದಾರರು ಬಂದರು. ಬರಬಾರದೆಂದು ತಮ್ಮನ್ನು ಕುರ್ಚಿಗೆ ಬಿಗಿದು ಕಟ್ಟುವಂತೆ ಹೆಂಡತಿಗೆ ಹೇಳಿದ್ದರಂತೆ. ಕುರ್ಚಿಯ ಸಮೇತ ಬಂದರು. ಬೆನ್ನ ಮೇಲೆ ಕುರ್ಚಿ ಹೊತ್ತು, ನಡು ಬಗ್ಗಿಸಿಕೊಂಡು, ಪೇಟೆಯ ನಡುವೆಯೇ ಬಂದರು. ಅವರ ಹೆಂಡತಿ ಹಿಂದೆ ಓಡಿ ಬರುತ್ತ, “ಕಾಲು ಮುರೀಬೇಡಿ ಅಂದ್ರೆ! ತೌರುಮನೇದು ಅದು!” ಎಂದು ಕೂಗುತ್ತಿದ್ದರು. ಕುರ್ಚಿಯ ಕಾಲಿನ ಮಾತು ಅದು ಎಂದು ಎಲ್ಲರಿಗೂ ತಿಳಿಯಿತು. ಹಾಲಪ್ಪನವರು ಬರಲಿಲ್ಲ.

ಹೊಸ್ತಿಲ ಮುಂದೆ ದಫೇದಾರರ ಕಾಲು ನಿಂತಿತು. ಅವರು ಕುರ್ಚಿಯಲ್ಲಿ ಕೂತರು, ಬೇರೆ ದಾರಿಯಿರಲಿಲ್ಲ. ಸುಧಾರಿಸಿಕೊಂಡು ನನ್ನನ್ನು ಕೇಳಿದರು:

“ಅಂದ್ರೆ ತ್ರಿವಿಕ್ರಮ ಈ ಬಾಗಿಲಲ್ಲಿ ಆ ಮಾತು ಅಂದೇ ಇಲ್ಲ.”

“ಇಲ್ಲ. ಹೊರಡುವಾಗ ‘ಸರಿ ಹಾಗಾದ್ರೆ’ ಅಂದ್ರು. ನಾನು ಕೇಳಿದೀನಿ.”

“ಹಾಗಾದ್ರೆ ಅವನು ಬರ್ಲೇಬೇಕು ಅಂತೇನಿಲ್ಲ.”

“ಇಲ್ಲ.”

“ಎಲ್ಲೋ ಚೆನ್ನಾಗೇ ಇರ್ತಾನೆ.”

“ಇರಬಹುದು.”

“ಬೇರೆಯೋರ ಬಾಯಲ್ಲಿ ಹೇಳಿ ಕಳಿಸಿದ್ದು ಅಂದ್ರೆ, ಬೇಕಂತ್ಲೇ…” ಅವರು ಟೋಪಿ ತೆಗೆಯಲು ಕೈಯೆತ್ತಹೋದರು, ಕೈ ಕಟ್ಟಿತ್ತು.

“ಅಯ್ಯೋ,” ಅಂದಳು ಗೌರಕ್ಕ.

ಅಲ್ಲಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಅಂದರು. ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು.

ಕೇಸು ಮುಗಿಯಿತು. ‘ಅಯ್ಯೋ’ ಮುಗಿಯಲಿಲ್ಲ. ಗೌರಕ್ಕ ಚಟ್ನಿಪುಡಿ ತಂದಳು, ಯಾರೋ ಹಪ್ಪಳ ತಂದರು. ತಂದವರೆಲ್ಲ ಬಾಗಿಲಲ್ಲಿ ನಿಂತು ಒಳಗೆ ಇಣುಕಿದರು. “ಬರ್ತಾರೆ ಬಿಡಮ್ಮ, ಎಲ್ಲಿಗೆ ಹೋಗ್ತಾರೆ” ಅಂದರು. ‘ಬರ್ತಾರೆ’ ಅಂದರೆ ಯಾರ ಕಾಲಿಗೂ ಏನೂ ಆಗುವುದಿಲ್ಲ, ಎಷ್ಟು ಸಲ ಬೇಕಾದರೂ ಹೇಳಬಹುದು. ತರಕಾರಿಯವಳು ಮತ್ತೆ ಹುಳುಕು ಬದನೆಕಾಯಿ ಹಾಕತೊಡಗಿದಳು, ಜೊತೆಗೆ ಒಂದು ಕಟ್ಟು ಕೊತ್ತಂಬರಿಯನ್ನು ಪುಕ್ಕಟೆಯಾಗಿ ಕೊಟ್ಟಳು. ಅದನ್ನು ಕಂಡು ಅಕ್ಕ ಎರಡನ್ನೂ ತಿಪ್ಪೆಗೆ ಹಾಕಿದಳು. ಅವಳು ಹೊರಕೋಣೆಗೆ ಬರುವುದನ್ನೇ ಬಿಟ್ಟಳು. ನನ್ನ ಹತ್ತಿರ ಮಾತಾಡುತ್ತಿದ್ದಳು, ಆದರೆ ಅಗತ್ಯದ ಮಾತು ಮಾತ್ರ: ಸ್ನಾನ ಮಾಡು, ಅನ್ನ ಇಳಿಸು, ದೀಪ ಹಚ್ಚು. ಪಾಯಸ ನಿಂತುಹೋಯಿತು. ಬಾಗಿಲಿಗೆ ಬಂದವರಿಗೆಲ್ಲ ಈಗ ನಾನೇ ಉತ್ತರ ಕೊಡಬೇಕಾಗಿತ್ತು. ಮುಖಗಳು ಬರುತ್ತಿದ್ದವು, ಹೋಗುತ್ತಿದ್ದವು. ಒಂದೂ ಅರ್ಥವಾಗುತ್ತಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಹಾಲಪ್ಪನವರು ನಿಂತಿದ್ದಾರೆ.

ನಾನು ಹೇಳಿದ್ದು ಸುಳ್ಳಾಯಿತೆಂದೇ ಅರ್ಥ. ಮಾತಿಲ್ಲದೆಯೂ ಕಾಲು ಬರುವುದಾದರೆ ಕೇಸು ಮತ್ತೆ ತೆರೆಯುತ್ತದೆ, ಜೀಪು ಮತ್ತೆ ಬರುತ್ತದೆ. ನಾನು ಎರಡೂ ಕೈಯಿಂದ ಬಾಗಿಲು ಹಿಡಿದು ನಿಂತೆ.

“ನಿನ್ನೆ ಯಾರ ಹತ್ರ ಏನು ಹೇಳಿದ್ರಿ?”

“ಯಾರ ಹತ್ರಾನೂ ಇಲ್ಲಮ್ಮ.”

“ದಫೇದಾರ್ರು ಕೇಳಿದ್ರಾ?”

“ಅವರು ನನ್ನ ಕಂಡ್ರೆ ಆಚೆ ಬೀದೀಲಿ ಹೋಗ್ತಾರೆ ಈಗ.”

“ನಿನ್ನೆ ಈ ಕಡೆ ಬಂದಿದ್ರಾ? ಬಾಗಿಲ ಮುಂದೆ ಏನಾದ್ರೂ ಅಂದ್ಕೊಂಡ್ರಾ, ಮನಸ್ಸಲ್ಲಿ?”

“ಇಲ್ಲ ತಾಯಿ.”

“ನಿದ್ದೇಲಿ?”

“ನಿದ್ದೇಲಿ ಅಂದ್ರೆ ಕೇಳಿಸ್ಕೊಂಡು ಹೇಳೋರು ನಮ್ಮನೇಲಿ ಯಾರಿದಾರೆ?”

“ಹಾಗಾದ್ರೆ ನಿಮ್ಮ ಕಾಲು ಯಾಕೆ ಬಂತು?”

ಅವರು ತಲೆ ತಗ್ಗಿಸಿ ತಮ್ಮ ಕಾಲನ್ನು ನೋಡಿದರು. ನಾನೂ ನೋಡಿದೆ. ಧೂಳು ಕೊಡವಿ ತೊಳೆದ ಕಾಲು, ಉಗುರು ಕತ್ತರಿಸಿತ್ತು. ಒಂದರ ಹೆಬ್ಬೆರಳು ಇನ್ನೊಂದರ ಮೇಲೆ ಹತ್ತಿ ಕೂತಿತ್ತು.

“ಕಾಲು ಸುಮ್ನೇ ಇತ್ತಮ್ಮ,” ಅಂದರು. “ನಾನೇ ಬಂದೆ.”

ನಾನು ಅವರ ಮುಖ ನೋಡಿದೆ, ಅದರಿಂದ ಏನೂ ತಿಳಿಯಲಿಲ್ಲ. ಆ ವಾಕ್ಯವನ್ನು ಬಾಯಲ್ಲೇ ಮತ್ತೊಮ್ಮೆ ಹೇಳಿಕೊಂಡೆ. ತಪ್ಪೇನೂ ಸಿಗಲಿಲ್ಲ. ಅಷ್ಟರಲ್ಲಿ ಹಿಂದೆ ಬಳೆಯ ಸದ್ದಾಯಿತು. ಅಕ್ಕ ಹೊರಕೋಣೆಗೆ ಬಂದಿದ್ದಳು, ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ.

“ಇಂದೂ,” ಅಂದಳು, “ಬಾಗಿಲು ಬಿಡು. ಅವರು ಒಳಗೆ ಬರ್ಲಿ.”